ಸವಾನಾ ನಗರದ ಪುರಾತನ ಗೃಹರಕ್ಷಣೆ: ಒಂದು ಸಂಸ್ಥೆಯ ಆಡಳಿತ ಕ್ರಮ

ಪ್ರಾಚೀನ ಕಟ್ಟಡಗಳ ಸಂರಕ್ಷಣೆಯೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಾರೆಯವನ, ಬಡಗಿಯ, ಕಲ್ಲುಕುಟಿಗನ ಕೈಕೆಲಸ. ಅದು ಸಹಜ. ಆದರೆ ಗಾರೆಯವನು ಕರಣೆ ಹಿಡಿಯುವ ಮುನ್ನವೇ ಬೇರೆ ಹಲವು ಕಾರ್ಯಗಳು ನಡೆದಿರಬೇಕಾಗುತ್ತದೆ. ಕೆಡವಲು ದಿನ ಗೊತ್ತಾಗಿರುವ ಮನೆಯ ಸುದ್ದಿ ಯಾರ ಕಿವಿಗಾದರೂ ಬೀಳಬೇಕು; ಕೇಳಿದವರು ಅದರ ಒಡೆಯನನ್ನು ಕಂಡು ಮಾತನಾಡಬೇಕು; ಹಣ ಕೂಡಿಸಬೇಕು; ಕ್ರಯಪತ್ರ ನೋಂದಣಿಯಾಗಬೇಕು; ಕೊಂಡ ಮೇಲೆ ಆ ಮನೆಯ ಬೀಗದ ಕೈ ಯಾರ ವಶದಲ್ಲಿರಬೇಕೆಂಬುದು ನಿರ್ಣಯವಾಗಬೇಕು. ಈ ಕಾರ್ಯಗಳನ್ನು ಸಂಬಳವಿಲ್ಲದ ಹಿರಿಯರು ಮಾಡಬೇಕೆ, ಸಂಬಳ ಪಡೆಯುವ ನೌಕರರು ಮಾಡಬೇಕೆ, ಇಬ್ಬರೂ ಹಂಚಿಕೊಂಡು ಮಾಡುವುದಾದರೆ ಗೆರೆ ಎಲ್ಲಿ ಬೀಳಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ನೀರಸವಾಗಿ ಕಂಡರೂ, ಒಂದು ನಗರ ಉಳಿಯುವುದೂ ಅಳಿಯುವುದೂ ಎಷ್ಟೋ ವೇಳೆ ಅದನ್ನೇ ಅವಲಂಬಿಸಿರುತ್ತದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರದಲ್ಲಿ 1955ರಲ್ಲಿ ಹುಟ್ಟಿದ 'ಹಿಸ್ಟಾರಿಕ್ ಸವಾನಾ ಫೌಂಡೇಷನ್' ಎಂಬ ಸಂಸ್ಥೆಯ ಚರಿತ್ರೆಯಿಂದ ಈ ವಿಷಯವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ನಗರದ ಸ್ವರೂಪವನ್ನು ತಿಳಿಯಬೇಕು. ಸವಾನಾ 1733ರಲ್ಲಿ ಜೇಮ್ಸ್ ಓಗ್ಲ್‌ಥಾರ್ಪ್ ಎಂಬಾತನು ನದೀತೀರದ ದಿಣ್ಣೆಯೊಂದರ ಮೇಲೆ ಸ್ಥಾಪಿಸಿದ ಊರು. ಊರನ್ನು ಹಲವು ಕೇರಿಗಳಾಗಿ ವಿಂಗಡಿಸಿ, ಪ್ರತಿಯೊಂದು ಕೇರಿಯ ನಟ್ಟನಡುವೆ ಒಂದು ಚೌಕವನ್ನು ಬಯಲಾಗಿ ಬಿಟ್ಟು, ಚೌಕದ ಎರಡು ಪಾರ್ಶ್ವಗಳಲ್ಲಿ ವಾಸದ ಮನೆಗಳಿಗೂ ಮತ್ತೆರಡು ಪಾರ್ಶ್ವಗಳಲ್ಲಿ ಸಾರ್ವಜನಿಕ ಕಟ್ಟಡಗಳಿಗೂ ನಿವೇಶನಗಳನ್ನು ಗೊತ್ತುಮಾಡಿದ್ದು ಆತನ ಯೋಜನೆಯ ಹೆಚ್ಚಳ. ಊರು ಬೆಳೆದಂತೆಲ್ಲ ಇದೇ ಮಾದರಿಯನ್ನು ಮತ್ತೆ ಮತ್ತೆ ಅನುಸರಿಸಿದುದರಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಚೌಕಗಳ ಸಂಖ್ಯೆ 24ಕ್ಕೆ ಏರಿತು. ಅವುಗಳಲ್ಲಿ 22 ಇಂದಿಗೂ ಇವೆ.

ಆ ವಸಾಹತಿನ ಮೊದಲ ಆಡಳಿತವೂ ನಮ್ಮ ವಿಷಯಕ್ಕೆ ಸಂಬಂಧಿಸಿದುದೇ ಆಗಿದೆ. 1732ರಿಂದ 1752ರವರೆಗೆ ಜಾರ್ಜಿಯಾವನ್ನು ಆಳಿದವರು ಲಂಡನ್ನಿನಲ್ಲಿದ್ದ ವಿಶ್ವಸ್ತರ ಮಂಡಳಿಯವರು. ವಿಶ್ವಸ್ತರಾದವರು ಆ ವಸಾಹತಿನಲ್ಲಿ ಭೂಮಿ ಹೊಂದಕೂಡದು, ಹುದ್ದೆ ಹಿಡಿಯಕೂಡದು, ಸಂಬಳ ಪಡೆಯಕೂಡದು ಎಂದು ರಾಜಶಾಸನವೇ ವಿಧಿಸಿತ್ತು. ಅವರ ಮುದ್ರೆಯ ಮೇಲೆ, ನಮ್ಮ ನಾಡಿನ ರೇಷ್ಮೆ ಬೆಳೆಗಾರರಿಗೆ ಚಿರಪರಿಚಿತವಾದ ಹಿಪ್ಪುನೇರಳೆಯ ಎಲೆ, ಹುಳು, ಗೂಡು ಇವುಗಳ ಚಿತ್ರವಿದ್ದು, 'ತಮಗಾಗಿ ಅಲ್ಲ, ಪರರಿಗಾಗಿ' ಎಂಬರ್ಥದ ಲ್ಯಾಟಿನ್ ಮಾತನ್ನು ಕೆತ್ತಲಾಗಿತ್ತು. ಉದಾತ್ತವಾದ ಮಾತು. ಆದರೆ ಆ 'ಪರರು' ಯಾರು, ಅವರಿಗೆ ಯಾವುದು ಹಿತ ಎಂಬುದನ್ನು ಸಾಗರದಾಚೆ ಕುಳಿತವರೇ ನಿರ್ಣಯಿಸುತ್ತಿದ್ದರು. ಊರಿನಲ್ಲಿದ್ದವರ ಅಸಮಾಧಾನ ಬೆಳೆಯುತ್ತ ಹೋಗಿ ಕೊನೆಗೆ ಮಂಡಳಿ ತನ್ನ ಅಧಿಕಾರವನ್ನೇ ಬಿಟ್ಟುಕೊಟ್ಟಿತು. ಎರಡು ಶತಮಾನಗಳ ಅನಂತರ ಅದೇ ಊರಿನಲ್ಲಿ ಇನ್ನೊಂದು ವಿಶ್ವಸ್ತ ಮಂಡಳಿ ಹುಟ್ಟಿದಾಗ ಈ ಹಳೆಯ ಪ್ರಶ್ನೆ ಬೇರೊಂದು ವೇಷದಲ್ಲಿ ಮರಳಿ ಬಂದಿತೆಂಬುದನ್ನು ಮುಂದೆ ಕಾಣುವೆವು.

ಹತ್ತಿಯ ವ್ಯಾಪಾರ ಕುಗ್ಗಿದ ಮೇಲೆ ಸವಾನಾದ ಹಳೆಯ ಕೇರಿಗಳು ಬಡವಾದವು. ಶ್ರೀಮಂತರು ಹೊರವಲಯದ ಬಡಾವಣೆಗಳಿಗೆ ಹೊರಟುಹೋದರು. ಒಂದು ಕುಟುಂಬಕ್ಕಾಗಿ ಕಟ್ಟಿದ ಮನೆಗಳು ಹತ್ತಾರು ಕುಟುಂಬಗಳ ವಠಾರಗಳಾದವು. ಇದರ ಮೇಲೆ ಮೋಟಾರು ವಾಹನಗಳ ಕಾಲ ಬಂದಿತು. ಎಲ್ಲಿಸ್ ಚೌಕದಲ್ಲಿದ್ದ ನಗರದ ಮಾರುಕಟ್ಟೆಯ ಕಟ್ಟಡವನ್ನು 1954ರಲ್ಲಿ ಕೆಡವಿ, ಆ ಸ್ಥಳದಲ್ಲಿ ವಾಹನಗಳನ್ನು ನಿಲ್ಲಿಸುವ ಕಾಂಕ್ರೀಟು ಕಟ್ಟಡವನ್ನು ಎಬ್ಬಿಸಲಾಯಿತು. ಇದಕ್ಕಾಗಿ ನಗರಾಡಳಿತವು ಚೌಕವನ್ನು ಐವತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಿತ್ತು. ಆ ಗುತ್ತಿಗೆಯ ಮಾತು ಲೇಖನದ ಕೊನೆಯಲ್ಲಿ ಮತ್ತೆ ಬರುತ್ತದೆ.

ಮಾರುಕಟ್ಟೆ ಹೋದ ಮರುವರ್ಷವೇ ಇಸಾಯಾ ಡೇವನ್‌ಪೋರ್ಟ್ ಎಂಬ ಕಟ್ಟಡಗಾರನ ಮನೆಯ ಸರದಿ ಬಂದಿತು. ಉತ್ತರದ ರೋಡ್ ಐಲೆಂಡಿನಿಂದ ಬಂದು ನೆಲೆಸಿದ ಈತ 1820ರಲ್ಲಿ ತನ್ನ ಸಂಸಾರಕ್ಕಾಗಿ ಇಟ್ಟಿಗೆಯಲ್ಲಿ ಕಟ್ಟಿದ ಮನೆ ಅದು. 1955ರ ವೇಳೆಗೆ ಅದು ಶಿಥಿಲವಾದ ವಠಾರವಾಗಿತ್ತು. ಪಕ್ಕದಲ್ಲಿ ಅಂತ್ಯಸಂಸ್ಕಾರದ ವ್ಯವಸ್ಥೆ ಮಾಡುವ ಸಂಸ್ಥೆಯೊಂದಿತ್ತು. ವಾಹನಗಳನ್ನು ನಿಲ್ಲಿಸಲು ಸ್ಥಳಕ್ಕಾಗಿ ಅದನ್ನು ಕೆಡವುವ ಯೋಜನೆ ಸಿದ್ಧವಾಗಿತ್ತು. ಆಗ ಏಳು ಮಂದಿ ಮಹಿಳೆಯರು ಕೂಡಿ 22,500 ಡಾಲರುಗಳನ್ನು ಸಂಗ್ರಹಿಸಿ ಮನೆಯನ್ನು ಕೊಂಡುಕೊಂಡರು. ಇವರಲ್ಲಿ ಮುಂದಾಳು ಆನಾ ಕೋಲ್ಕ್ವಿಟ್ ಹಂಟರ್ ಎಂಬ ಪತ್ರಕರ್ತೆ. ಲೂಸಿ ಬ್ಯಾರೋ ಮೆಕಿಂಟೈರ್ ಅವರಂಥ, ಸಾರ್ವಜನಿಕ ಜೀವನದಲ್ಲಿ ನುರಿತ ಹಿರಿಯರೂ ಆ ಏಳು ಮಂದಿಯಲ್ಲಿದ್ದರು. ಮನೆ ಕೊಂಡದ್ದೂ ಸಂಸ್ಥೆ ಹುಟ್ಟಿದ್ದೂ ಒಂದೇ ವರ್ಷದಲ್ಲಿ.

ಈ ಏಳು ಮಂದಿಯ ಕಾರ್ಯವನ್ನು ಸಾಹಸವೆಂದು ಹೊಗಳುವುದು ವಾಡಿಕೆ. ಹೊಗಳಿಕೆ ಅಯುಕ್ತವೇನಲ್ಲ. ಆದರೆ ಅವರಿಗೆ ಸಂಬಳವಿರಲಿಲ್ಲ, ಕಚೇರಿಯಿರಲಿಲ್ಲ, ಕಾನೂನಿನ ಬಲವೂ ಇರಲಿಲ್ಲ ಎಂಬುದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೆರೆಯ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ 1931ರಷ್ಟು ಹಿಂದೆಯೇ ಹಳೆಯ ಕೇರಿಯ ರಕ್ಷಣೆಗೆ ನಗರಸಭೆಯ ನಿಯಮವೊಂದು ಜಾರಿಗೆ ಬಂದಿತ್ತು. ಸವಾನಾದಲ್ಲಿ ಅಂಥ ನಿಯಮ ಬಂದುದು 1973ರಲ್ಲಿ. ಆದ್ದರಿಂದ ನಡುವಣ 18 ವರ್ಷಗಳ ಕಾಲ ಒಡೆಯನು ತನ್ನ ಮನೆಯನ್ನು ಕೆಡವುತ್ತೇನೆಂದರೆ ತಡೆಯುವ ಅಧಿಕಾರ ಈ ಸಂಸ್ಥೆಗೆ ಇರಲಿಲ್ಲ. ಇದ್ದ ದಾರಿ ಒಂದೇ: ಕೊಂಡುಕೊಳ್ಳುವುದು. ಒಂದು ಮನೆಯನ್ನು ಚಂದಾಹಣದಿಂದ ಕೊಳ್ಳಬಹುದು. ಎರಡನೆಯದಕ್ಕೆ ಚಂದಾ ಕೇಳಲು ಹೋದಾಗ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ನೂರನೆಯದಕ್ಕೆ?

ಕಷ್ಟ ಎಷ್ಟೆಂಬುದನ್ನು ಇಟ್ಟಿಗೆಯ ಕಥೆಯೊಂದು ತಿಳಿಸುತ್ತದೆ. 'ಸವಾನಾ ಬೂದು' ಎಂದು ಹೆಸರಾದ, ಸಾಮಾನ್ಯ ಇಟ್ಟಿಗೆಗಿಂತ ದೊಡ್ಡದಾದ ಇಟ್ಟಿಗೆಯೊಂದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ದಂಡೆಯಲ್ಲಿ ಹೆನ್ರಿ ಮೆಕಾಲ್ಪಿನ್ ಎಂಬಾತನಿಗೆ ಸೇರಿದ 'ಹರ್ಮಿಟೇಜ್' ಎಂಬ ಜಮೀನಿನಲ್ಲಿ ಗುಲಾಮರು ಕೈಯಿಂದ ಎರೆದು ಸುಟ್ಟ ಇಟ್ಟಿಗೆಗಳಿವು. ಮೊದಲ ವಿಶ್ವಸ್ತರು 1735ರಲ್ಲಿ ನಿಷೇಧಿಸಿದ್ದ ಗುಲಾಮಗಿರಿ ಅವರ ಕಾಲ ಮುಗಿಯುವ ಮುನ್ನವೇ ಮರಳಿ ಬಂದಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಹೊರವಲಯದಲ್ಲಿ ಹೊಸ ಮನೆ ಕಟ್ಟುವವರಿಗೆ ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಈ ಹಳೆಯ ಇಟ್ಟಿಗೆಗಳ ಮೇಲೆ ಬಹಳ ಮೋಹವುಂಟಾಯಿತು. ಪರಿಣಾಮವಾಗಿ, ನಿಂತ ಮನೆಗಿಂತ ಬಿದ್ದ ಮನೆಯ ಇಟ್ಟಿಗೆಗೇ ಬೆಲೆ ಹೆಚ್ಚಾಯಿತು. 1850ರ ದಶಕದಲ್ಲಿ ಮೇರಿ ಮಾರ್ಷಲ್ ಎಂಬಾಕೆ ಕಟ್ಟಿಸಿದ, ಒಂದಕ್ಕೊಂದು ಅಂಟಿಕೊಂಡ ನಾಲ್ಕು ಮನೆಗಳ 'ಮಾರ್ಷಲ್ ಸಾಲು' ಕೂಡ ಹೀಗೆಯೇ ಇಟ್ಟಿಗೆ ಕೊಳ್ಳುವವರ ಕೈಗೆ ಹೋಗಿತ್ತು. ಹಿಂಭಾಗದ ಗಾಡಿಖಾನೆಗಳು ಆಗಲೇ ನೆಲಸಮವಾಗಿದ್ದವು. ಲಿಯೊಪೋಲ್ಡ್ ಆಡ್ಲರ್ ಎಂಬ ಹಣಕಾಸು ವ್ಯವಹಾರಸ್ಥರು ಮುಂದೆ ಬಂದು, ಜೊತೆಗಾರರನ್ನು ಕೂಡಿಸಿ, ಆ ಮನೆಗಳನ್ನು ಇಟ್ಟಿಗೆಸಮೇತ ಬಿಡಿಸಿಕೊಂಡರು. ಸಾಹಿತ್ಯಾಭ್ಯಾಸಿಗಳಿಗೆ ಆಸಕ್ತಿಯುಂಟುಮಾಡುವ ಸಂಗತಿಯೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: 1930ರಲ್ಲಿ ಪುಲಿಟ್ಸರ್ ಬಹುಮಾನ ಪಡೆದ ಕವಿ ಕಾನ್ರಾಡ್ ಏಕನ್ ತಮ್ಮ ಬಾಲ್ಯದ ಮನೆಯ ಪಕ್ಕದಲ್ಲೇ ಇದ್ದ ಈ ಸಾಲಿನ ಮನೆಯೊಂದಕ್ಕೆ 1960ರ ದಶಕದ ಆರಂಭದಲ್ಲಿ ಮರಳಿ ಬಂದು, 1973ರಲ್ಲಿ ತೀರಿಕೊಳ್ಳುವವರೆಗೆ ಅದರೊಡನೆ ಸಂಬಂಧವಿರಿಸಿಕೊಂಡಿದ್ದರು. ಇಟ್ಟಿಗೆಗಳು ಬೇರೆಯವರ ಅಂಗಳಕ್ಕೆ ಹಾಸುಗಲ್ಲಾಗಿ ಹೋಗಿದ್ದರೆ ಕವಿಗೆ ಮರಳಲು ಆ ಮನೆ ಇರುತ್ತಿರಲಿಲ್ಲ.

1960ರ ದಶಕದಲ್ಲಿ ಆಡ್ಲರ್ ಸಂಸ್ಥೆಯ ಅಧ್ಯಕ್ಷರಾದರು. ಇಲ್ಲಿಂದ ಸಂಸ್ಥೆಯ ಸ್ವರೂಪವೇ ಬದಲಾಯಿತೆನ್ನಬಹುದು. ಮೊದಲನೆಯದಾಗಿ, ಏನನ್ನು ಉಳಿಸಬೇಕೆಂಬುದರ ಪಟ್ಟಿ ಬೇಕಾಗಿತ್ತು. 1962ರಲ್ಲಿ ನಡೆದ ಸಮೀಕ್ಷೆಯಲ್ಲಿ ವಾಸ್ತುದೃಷ್ಟಿಯಿಂದ ಗಣ್ಯವಾದವು ಎಂದು ಸುಮಾರು 1,100 ಕಟ್ಟಡಗಳನ್ನು ಗುರುತಿಸಿ, ಅವುಗಳ ಯೋಗ್ಯತೆಗೆ ತಕ್ಕಂತೆ ಶ್ರೇಣಿಗಳನ್ನು ಕಲ್ಪಿಸಿದರು. ಹೀಗೆ ಪಟ್ಟಿಯೊಂದು ಸಿದ್ಧವಾದ ಮೇಲೆ, ಯಾವ ಮನೆಗಾಗಿ ಹೋರಾಡಬೇಕು, ಯಾವುದನ್ನು ನಿಟ್ಟುಸಿರಿನೊಡನೆ ಬಿಡಬೇಕು ಎಂಬ ನಿರ್ಧಾರ ಯಾರೊಬ್ಬರ ಇಷ್ಟಾನಿಷ್ಟಕ್ಕೆ ಸೇರಿದ್ದಾಗಿ ಉಳಿಯಲಿಲ್ಲ. ಎರಡನೆಯದು ಸುಮಾರು 2 ಲಕ್ಷ ಡಾಲರುಗಳ 'ಆವರ್ತ ನಿಧಿ'.

ಈ ಆವರ್ತ ನಿಧಿಯ ಮರ್ಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು; ಸಂಸ್ಥೆಗೆ ನೌಕರರು ಏಕೆ ಬೇಕಾದರೆಂಬುದು ಇದರಿಂದಲೇ ತಿಳಿಯುತ್ತದೆ. ಸಂಸ್ಥೆ ಅಪಾಯದಲ್ಲಿರುವ ಮನೆಯನ್ನು ತಾನೇ ಕೊಳ್ಳುತ್ತದೆ, ಇಲ್ಲವೆ ಗೊತ್ತಾದ ಬೆಲೆಗೆ ಗೊತ್ತಾದ ಅವಧಿಯಲ್ಲಿ ಕೊಳ್ಳುವ ಹಕ್ಕನ್ನು ಕರಾರಿನಿಂದ ಪಡೆಯುತ್ತದೆ. ಆಮೇಲೆ ಅದನ್ನು ದುರಸ್ತಿ ಮಾಡಿಸಿ ವಾಸಿಸಲು ಸಿದ್ಧನಿರುವವನಿಗೆ ಮಾರುತ್ತದೆ. ಮಾರುವಾಗ ಕ್ರಯಪತ್ರದಲ್ಲಿ ಷರತ್ತುಗಳು ಸೇರುತ್ತವೆ: ಇಷ್ಟು ಕಾಲದೊಳಗೆ ಜೀರ್ಣೋದ್ಧಾರ ಮುಗಿಯಬೇಕು, ಕೆಡವಕೂಡದು, ಮುಂಭಾಗವನ್ನು ಸಂಸ್ಥೆಯ ಒಪ್ಪಿಗೆಯಿಲ್ಲದೆ ಮಾರ್ಪಡಿಸಕೂಡದು. ಷರತ್ತು ಮನೆಗೆ ಅಂಟಿದ್ದು. ಕೊಂಡವನು ಇನ್ನೊಬ್ಬನಿಗೆ ಮಾರಿದರೂ ಅದು ಬಿಡದು. ಬಂದ ಹಣ ನಿಧಿಗೆ ಮರಳಿ ಮುಂದಿನ ಮನೆಯತ್ತ ಹೋಗುತ್ತದೆ. ಉದಾಹರಣೆಗೆ, 10,000 ಡಾಲರಿಗೆ ಕೊಂಡ ಮನೆಯನ್ನು 9,000 ಡಾಲರಿಗೆ ಮಾರಬೇಕಾಯಿತೆಂದು ಭಾವಿಸೋಣ. ವ್ಯಾಪಾರಿಯ ಲೆಕ್ಕದಲ್ಲಿ ಅದು ನಷ್ಟ. ಇಲ್ಲಿಯಾದರೋ ಸಾವಿರ ಡಾಲರಿನ ವೆಚ್ಚದಲ್ಲಿ ಒಂದು ಮನೆಗೆ ಶಾಶ್ವತ ರಕ್ಷಣೆ ದೊರೆತಂತಾಯಿತು. ದಾನಿಗಳಿಂದ ಹೊಸದಾಗಿ ಕೇಳಬೇಕಾದುದು ಆ ಸಾವಿರವನ್ನು ಮಾತ್ರ. ಈ ಕ್ರಮವನ್ನು ಮೊದಲು ದೊಡ್ಡದಾಗಿ ಪ್ರಯೋಗಿಸಿದವರು ಚಾರ್ಲ್ಸ್‌ಟನ್ನಿನವರು, ಅಲ್ಲಿಯ ಆನ್ಸನ್‌ಬರೊ ಕೇರಿಯಲ್ಲಿ. ಸವಾನಾದವರು ಅದನ್ನು ಪುಲಾಸ್ಕಿ ಚೌಕ ಮತ್ತು ಜೋನ್ಸ್ ಬೀದಿಯ ಸುತ್ತಮುತ್ತ ಇಡಿಯ ಕೇರಿಯನ್ನೇ ಗುರಿಯಾಗಿಟ್ಟುಕೊಂಡು ನಡೆಸಿದರು. ನಿಧಿಯಿಂದ ಇದುವರೆಗೆ ಉಳಿದ ಕಟ್ಟಡಗಳ ಸಂಖ್ಯೆ ನಾನೂರನ್ನು ಮೀರಿದೆ.

ಹೀಗೆ ಮನೆಗಳ ಕ್ರಯವಿಕ್ರಯ ಆರಂಭವಾದೊಡನೆ ಬಿಡುವಿನ ವೇಳೆಯ ಸೇವೆ ಸಾಲದಾಯಿತು. ಕರಾರಿನ ಅವಧಿ ತೀರುವ ದಿನವನ್ನು ಯಾರಾದರೊಬ್ಬರು ಗುರುತಿಟ್ಟುಕೊಂಡಿರಬೇಕು. ಕೊಳ್ಳುವವನನ್ನು ಊರೆಲ್ಲ ಹುಡುಕಬೇಕು. ಹುಳ ಹಿಡಿದ ತೊಲೆಯನ್ನು ತೋರಿಸಿ, ಇದು ವಾಸಯೋಗ್ಯವಾಗುತ್ತದೆಂದು ಅವನ ಹೆಂಡತಿಯನ್ನೂ ನಂಬಿಸಬೇಕು. ಬ್ಯಾಂಕಿನವರು ಹಳೆಯ ಕೇರಿಯೆಂದರೆ ಸಾಲ ಕೊಡಲು ಹಿಂಜರಿಯುವವರು; ಅವರೊಡನೆ ವಾದಿಸಬೇಕು. ಮಾರಿದ ಮೇಲೆ ವರ್ಷವರ್ಷವೂ ಹೋಗಿ ಷರತ್ತು ಪಾಲನೆಯಾಗುತ್ತಿದೆಯೇ ಎಂದು ನೋಡಬೇಕು. ಈ ಕೊನೆಯ ಕೆಲಸ ಹೆಸರು ತರುವಂಥದಲ್ಲ. ಆದರೆ ಅದೊಂದು ತಪ್ಪಿದರೆ ಕ್ರಯಪತ್ರದ ಷರತ್ತು ಬರಿಯ ಶಾಯಿಯಾಗುತ್ತದೆ. ಆದ್ದರಿಂದ 1960ರ ದಶಕದಲ್ಲಿ ರೀಡ್ ವಿಲಿಯಮ್ಸನ್ ಎಂಬುವರನ್ನು ಸಂಬಳದ ನಿರ್ದೇಶಕರನ್ನಾಗಿ ನೇಮಿಸಿಕೊಂಡರು. ಅವರು ಅಲ್ಲಿ ಕಲಿತ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲವೆಂಬುದು ವಿಶೇಷ: 1974ರಲ್ಲಿ ಇಂಡಿಯಾನಾ ರಾಜ್ಯದ ಇಂಥದೇ ಸಂಸ್ಥೆಯ ಮುಖ್ಯಸ್ಥರಾಗಿ ಹೋಗಿ 2005ರವರೆಗೆ ಅದನ್ನು ನಡೆಸಿದರು. ಚಾರ್ಲ್ಸ್‌ಟನ್ನಿನ ಕಥೆ ಇನ್ನೊಂದು ಬಗೆಯದು. ಅಲ್ಲಿಯ 'ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಷನ್' 1947ರಲ್ಲಿ ಹುಟ್ಟಿದ್ದು. ಪ್ರವಾಸಿಗರಿಗೆ ಹಳೆಯ ಮನೆಗಳನ್ನು ತೋರಿಸುವ ಕಾರ್ಯಕ್ರಮ ನೋಡಿಕೊಳ್ಳಲು ಬಂದ ಫ್ರಾನ್ಸಿಸ್ ಎಡ್ಮಂಡ್ಸ್ ಎಂಬ ಮಹಿಳೆ ಕ್ರಮೇಣ ಅದರ ನಿರ್ದೇಶಕಿಯಾಗಿ 1985ರವರೆಗೆ ದುಡಿದರು. ಒಬ್ಬರೇ ಅಷ್ಟು ದೀರ್ಘಕಾಲ ಇದ್ದುದರಿಂದ ಊರಿನ ಪ್ರತಿಯೊಂದು ಮನೆಯ ಪೂರ್ವೋತ್ತರವೂ ಆಕೆಗೆ ಕಂಠಸ್ಥವಾಗಿತ್ತೆಂದು ಊಹಿಸಬಹುದು. ಆದರೆ ಅಂಥವರು ನಿವೃತ್ತರಾದಾಗ ಅರ್ಧ ಕಡತವೇ ಎದ್ದುಹೋದಂತಾಗುವುದೂ ಉಂಟು. ಬರಹದ ದಾಖಲೆ ಬೇಕೆನ್ನುವುದು ಇದಕ್ಕಾಗಿಯೇ.

ಈಗ ಮಂಡಳಿಗೂ ನೌಕರರಿಗೂ ಇರುವ ಸಂಬಂಧವನ್ನು ನೋಡೋಣ. ಅಮೆರಿಕದಲ್ಲಿ ಇಂತಹ ಲಾಭರಹಿತ ಸಂಸ್ಥೆಗಳಿಗೆ ಆದಾಯ ತೆರಿಗೆಯ ವಿನಾಯಿತಿಯುಂಟು. ಅವಕ್ಕೆ ಕೊಟ್ಟ ದಾನದ ಮೇಲೆ ದಾನಿಗೂ ರಿಯಾಯಿತಿ ದೊರೆಯಬಹುದು. ಮಂಡಳಿಯ ಸದಸ್ಯರು, ಅಂದರೆ ನಾವು ಧರ್ಮದರ್ಶಿಗಳೆನ್ನುವಂಥವರು, ವಾಡಿಕೆಯಂತೆ ಸಂಬಳ ಪಡೆಯುವುದಿಲ್ಲ. ಅವರು ಧ್ಯೇಯವನ್ನು ನಿರೂಪಿಸುತ್ತಾರೆ, ವಾರ್ಷಿಕ ಆಯವ್ಯಯವನ್ನು ಒಪ್ಪುತ್ತಾರೆ, ಹಣ ಕೂಡಿಸಲು ನೆರವಾಗುತ್ತಾರೆ, ಮತ್ತು ಒಬ್ಬನೇ ಒಬ್ಬ ನೌಕರನನ್ನು ನೇಮಿಸುತ್ತಾರೆ: ಕಾರ್ಯನಿರ್ವಾಹಕ ನಿರ್ದೇಶಕನನ್ನು. ಉಳಿದ ನೌಕರರ ನೇಮಕ ನಿರ್ದೇಶಕನ ಹೊಣೆ. ಆವರ್ತ ನಿಧಿಯನ್ನು ನೋಡಿಕೊಳ್ಳುವವರು, ವಸ್ತುಸಂಗ್ರಹಾಲಯದ ಮೇಲ್ವಿಚಾರಕರು, ದಾನಿಗಳೊಡನೆ ವ್ಯವಹರಿಸುವವರು, ಲೆಕ್ಕಪತ್ರದವರು ಎಂದು ಸಿಬ್ಬಂದಿ ಇರುತ್ತದೆ. ಸಂಖ್ಯೆ ಸಾಮಾನ್ಯವಾಗಿ ದೊಡ್ಡದಲ್ಲ. ನಿಯಮವನ್ನು ಹೇಳುವುದು ಸುಲಭ, ನಡೆಸುವುದು ಕಠಿನ. ಮನೆಗಾಗಿ ತನ್ನ ಕೈಯಿಂದ ಹಣ ಹಾಕಿದ ಮಂಡಳಿಯ ಸದಸ್ಯನಿಗೆ ಬಾಗಿಲಿನ ಬಣ್ಣವನ್ನೂ ತಾನೇ ಗೊತ್ತುಮಾಡಬೇಕೆಂಬ ಆಸೆ ಹುಟ್ಟುವುದು ಮಾನವ ಸಹಜ. ಆತ ನೇರವಾಗಿ ಗುಮಾಸ್ತನಿಗೆ ಆಜ್ಞೆ ಕೊಟ್ಟರೆ ನಿರ್ದೇಶಕನ ಮಾತಿಗೆ ಬೆಲೆ ಇರುವುದಿಲ್ಲ. ಇದಕ್ಕೆ ವಿರುದ್ಧವಾದ ಕೇಡೂ ಉಂಟು: ಎಲ್ಲವನ್ನೂ ಬಲ್ಲ ನಿರ್ದೇಶಕನೆದುರು ಮಂಡಳಿ ಬರಿಯ ಹಸ್ತಾಕ್ಷರದ ಯಂತ್ರವಾಗುವುದು. ಎರಡರಲ್ಲಿ ಯಾವುದು ಹೆಚ್ಚಿನ ಕೇಡೆಂದರೆ, ನನ್ನ ಮಟ್ಟಿಗೆ ಎರಡನೆಯದು. ಮೊದಲನೆಯದು ಜಗಳವಾಗಿ ಹೊರಗೆ ಬರುತ್ತದೆ, ಎರಡನೆಯದು ಬರುವುದಿಲ್ಲ.

ಹೊರಗಿನವರ ಕಣ್ಣಿಗೆ ಒಳಗಿನದು ಕಾಣಲೆಂದು ಆ ದೇಶದ ತೆರಿಗೆ ಇಲಾಖೆ ಒಂದು ಉಪಾಯ ಮಾಡಿದೆ. 'ಫಾರಂ 990' ಎಂಬ ವಾರ್ಷಿಕ ವಿವರಣ ಪತ್ರದಲ್ಲಿ ಮಂಡಳಿಯ ಸದಸ್ಯರ ಮತ್ತು ಮುಖ್ಯ ಅಧಿಕಾರಿಗಳ ಹೆಸರು, ಅವರು ವಾರಕ್ಕೆ ಸರಾಸರಿ ಎಷ್ಟು ಗಂಟೆ ಸಂಸ್ಥೆಗಾಗಿ ದುಡಿಯುತ್ತಾರೆ, ಎಷ್ಟು ಸಂಬಳ ಪಡೆಯುತ್ತಾರೆ ಎಂಬುದೆಲ್ಲ ಬರೆಯಬೇಕು. ಬೇಕಾದವರು ಅದನ್ನು ತರಿಸಿ ಓದಬಹುದು. ಒಂದು ಸಾಲಿನಲ್ಲಿ ವಾರಕ್ಕೆ ಒಂದೆರಡು ಗಂಟೆ ಕೊಟ್ಟು ಸೊನ್ನೆ ಪಡೆಯುವವರು, ಇನ್ನೊಂದು ಸಾಲಿನಲ್ಲಿ ನಲವತ್ತು ಗಂಟೆ ಕೊಟ್ಟು ಸಂಬಳ ಪಡೆಯುವವರು: ಸಂಸ್ಥೆಯ ಒಳರಚನೆ ಆ ಪುಟದಲ್ಲಿ ಬತ್ತಲಾಗಿ ನಿಂತಿರುತ್ತದೆ.

ಈ ಎರಡು ವರ್ಗಗಳಿಗೂ ಸೇರದ ಮೂರನೆಯವರು ಸ್ವಯಂಸೇವಕರು. ಡೇವನ್‌ಪೋರ್ಟ್ ಮನೆ 1963ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ತೋರಿಸಿ ವಿವರಿಸುವ ಮಾರ್ಗದರ್ಶಕರಲ್ಲಿ ಸಂಬಳವಿಲ್ಲದೆ ಬರುವವರೂ ಇದ್ದಾರೆ. ಅವರನ್ನು ಕಲಿಸಿ ತಿದ್ದುವುದು ನೌಕರರ ಹೊಣೆ, ಏಕೆಂದರೆ ಏನನ್ನು ಹೇಳಬೇಕೆಂಬುದೇ ಕಾಲಕಾಲಕ್ಕೆ ಮಾರ್ಪಡುತ್ತದೆ. ಮೊದಮೊದಲು ಸುತ್ತುಮೆಟ್ಟಿಲಿನ ಚೆಲುವು, ಮಾಳಿಗೆಯ ಗಾರೆಯ ಕುಸುರಿ ಇವುಗಳ ವರ್ಣನೆಯೇ ಪ್ರಧಾನ. ಕ್ರಮೇಣ ಡೇವನ್‌ಪೋರ್ಟ್ 1827ರಲ್ಲಿ ಹಳದಿ ಜ್ವರದಿಂದ ಸತ್ತ ಮೇಲೆ ಅವನ ಹೆಂಡತಿ ಸೇರಾ ಅದೇ ಮನೆಯಲ್ಲಿ ಊಟವಸತಿಯ ತಂಗುಮನೆ ನಡೆಸಿ ಮಕ್ಕಳನ್ನು ಸಾಕಿದಳೆಂಬುದು, ಆ ಮನೆಯಲ್ಲಿ ಗುಲಾಮರೂ ಇದ್ದರೆಂಬುದು ಕಥನದೊಳಗೆ ಬಂದಿತು. ಮನೆಯನ್ನು ಅದರ ಮೂಲಕಾಲದ ಸ್ಥಿತಿಗೆ ಹೆಚ್ಚು ಹತ್ತಿರ ತರುವ ಸಂಶೋಧನೆಯೂ ನಡೆದು, 2005ರಲ್ಲಿ ರಾಷ್ಟ್ರಾಧ್ಯಕ್ಷರ ಹೆಸರಿನ ಸಂರಕ್ಷಣ ಪ್ರಶಸ್ತಿ ಈ ವಸ್ತುಸಂಗ್ರಹಾಲಯಕ್ಕೆ ದೊರೆಯಿತು.

ಇನ್ನು ಆ ಹಳೆಯ ಪ್ರಶ್ನೆ. ಕೇರಿಗಳು ಸುಂದರವಾದವು, ಸರಿ. ವಠಾರಗಳಲ್ಲಿದ್ದವರು ಎಲ್ಲಿ ಹೋದರು? ದುರಸ್ತಿಯಾದ ಮನೆ ಒಂದು ಕುಟುಂಬಕ್ಕೆ ಮರಳಿತೆಂದರೆ ಅಲ್ಲಿ ಬಾಡಿಗೆಗಿದ್ದ ಹಲವು ಕುಟುಂಬಗಳು ಎದ್ದವೆಂದೇ ಅರ್ಥ. ಅವರಲ್ಲಿ ಬಹುಮಂದಿ ಬಡವರಾದ ಕರಿಯರು. ಕ್ರಯಪತ್ರದ ಷರತ್ತುಗಳಲ್ಲಿ ಮುಂಬಾಗಿಲು, ಕಿಟಕಿ, ಕಬ್ಬಿಣದ ಸರಳು ಇವಕ್ಕೆಲ್ಲ ರಕ್ಷಣೆಯಿತ್ತು, ಬಾಡಿಗೆದಾರನಿಗೆ ಇರಲಿಲ್ಲ. ಚಾರ್ಲ್ಸ್‌ಟನ್ನಿನ ಆನ್ಸನ್‌ಬರೊದಲ್ಲಿಯೂ ಆದದ್ದು ಇದೇ. ನಿಧಿಯನ್ನು ನಡೆಸಿದವರು ದುಷ್ಟರಾಗಿರಲಿಲ್ಲ. ಆದರೆ ಮಂಡಳಿಯ ಮೇಜಿನ ಸುತ್ತ ಕುಳಿತವರಲ್ಲಿ ಬಾಡಿಗೆದಾರರು ಯಾರೂ ಇಲ್ಲದಿದ್ದಾಗ ಆ ಪ್ರಶ್ನೆಯನ್ನು ಎತ್ತುವ ಬಾಯಿಯೂ ಇರುವುದಿಲ್ಲ.

ಇದನ್ನು ಕಂಡು ಎರಡು ದಿಕ್ಕಿನಿಂದ ಪ್ರಯತ್ನಗಳು ನಡೆದವು. ಒಂದು ಆಡ್ಲರ್ ಅವರದೇ. 1974ರಲ್ಲಿ ಅವರು 'ಸವಾನಾ ಲ್ಯಾಂಡ್‌ಮಾರ್ಕ್' ಎಂಬ ಪ್ರತ್ಯೇಕ ಸಂಸ್ಥೆಯನ್ನು ಹುಟ್ಟುಹಾಕಿ, ಹಳೆಯ ಊರಿನ ದಕ್ಷಿಣಕ್ಕಿದ್ದ ಮರದ ಮನೆಗಳ ವಿಕ್ಟೋರಿಯನ್ ಕೇರಿಯಲ್ಲಿ, ಅಲ್ಲಿದ್ದ ಬಡ ಕುಟುಂಬಗಳು ಅಲ್ಲಿಯೇ ಉಳಿಯುವಂತೆ ಸರ್ಕಾರದ ವಸತಿ ನೆರವನ್ನು ಬಳಸಿಕೊಂಡು ನೂರಾರು ಮನೆಗಳನ್ನು ದುರಸ್ತಿ ಮಾಡಿಸಲು ತೊಡಗಿದರು. ಮೊದಲಿನ ಸಂಸ್ಥೆಗೇ ಈ ಕೆಲಸವನ್ನು ಸೇರಿಸದೆ ಹೊಸದನ್ನೇಕೆ ಮಾಡಬೇಕಾಯಿತೆಂದು ಕೇಳಬಹುದು. ವಾಸ್ತುವಿನ ಚೆಲುವನ್ನು ಕಾಯಲು ರಚಿತವಾದ ಮಂಡಳಿ ಬಾಡಿಗೆ ಮನೆಗಳ ಯಜಮಾನಿಕೆಗೆ ಒಗ್ಗುವಂಥದಲ್ಲ. ಬೇಕಾದ ನೌಕರರೂ ಬೇರೆ, ಹಣದ ಮೂಲವೂ ಬೇರೆ. ಇನ್ನೊಂದು ಪ್ರಯತ್ನ ಡಬ್ಲ್ಯು. ಡಬ್ಲ್ಯು. ಲಾ ಅವರದು. ಲಾ ಅವರು ವೃತ್ತಿಯಿಂದ ಅಂಚೆಯವರು. ಮನೆಮನೆಗೆ ಕಾಗದ ಹಂಚುವವರು. ಕರಿಯರ ಹಕ್ಕುಗಳಿಗಾಗಿ ದುಡಿಯುವ ರಾಷ್ಟ್ರೀಯ ಸಂಘದ ಸವಾನಾ ಶಾಖೆಗೆ 1950ರಿಂದ 1976ರವರೆಗೆ ಅಧ್ಯಕ್ಷರಾಗಿದ್ದವರು. ಆ ಹೊಣೆ ಇಳಿಸಿದ ಮೇಲೆ ಕರಿಯರ ಚರಿತ್ರೆಯ ಸಂರಕ್ಷಣೆಗೆ ಕೈಹಾಕಿ, 1896ರಲ್ಲಿ ಕಟ್ಟಿದ 'ಕಿಂಗ್-ಟಿಸ್‌ಡೆಲ್ ಕುಟೀರ'ವನ್ನು ಕೆಡವುವವರಿಂದ ಪಾರುಮಾಡಿ, ಬೇರೊಂದು ಬೀದಿಗೆ ಇಡಿಯಾಗಿ ಸಾಗಿಸಿ, ವಸ್ತುಸಂಗ್ರಹಾಲಯವಾಗಿ ತೆರೆಯಿಸಿದರು. ಊರಿನ ಮನೆಗಳನ್ನು ಅಂಚೆಯವನಷ್ಟು ಬಲ್ಲವರು ಯಾವ ಸಮೀಕ್ಷೆಗಾರರಲ್ಲಿ ಸಿಕ್ಕಾರು! ಅವರು 2002ರಲ್ಲಿಯೂ ಆಡ್ಲರ್ 2012ರಲ್ಲಿಯೂ ತೀರಿಕೊಂಡರು.

ಎಲ್ಲಿಸ್ ಚೌಕದ ಐವತ್ತು ವರ್ಷಗಳ ಗುತ್ತಿಗೆ 2004ರಲ್ಲಿ ಮುಗಿಯಿತು. ಕಾಂಕ್ರೀಟಿನ ಕಟ್ಟಡವನ್ನು ಕೆಡವಿ, ಚೌಕವನ್ನು ಮತ್ತೆ ಬಯಲಾಗಿಸಿ, 2010ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಮಾರುಕಟ್ಟೆಯ ಕಟ್ಟಡ ಮರಳಲಿಲ್ಲ. ವಾಹನಗಳು ಮಾತ್ರ ಇಂದಿಗೂ ಅಲ್ಲಿಯೇ ಇವೆ, ನೆಲದ ಅಡಿಯಲ್ಲಿ ಕಟ್ಟಿದ ಅಂತಸ್ತುಗಳಲ್ಲಿ. ಮೇಲೆ ಮಕ್ಕಳು ಕಾರಂಜಿಯ ನೀರಿನಲ್ಲಿ ಆಡುತ್ತಿರುತ್ತಾರೆ.